ವಂಶವೃಕ್ಷಕ್ಕೆ ಹುಲ್ಲು ಹೊತ್ತವಳು

ಚಳ್ಳಕೆರೆಯ ಶೇಂಗಾ ವ್ಯಾಪಾರಿ ಮಹಾಂತೇಶ್ ಗೃಹಪ್ರವೇಶಕ್ಕೆಂದು ಹೊಸ ಮನೆಯ ಗೋಡೆ ತುಂಬ ವಂಶವೃಕ್ಷ ಬರೆಸಿದ. ಬುಡದಲ್ಲಿ ಎಣ್ಣೆಗಾಣ ಹೂಡಿದ, ಮುತ್ತಜ್ಜನ ತಂದೆ ಅಜ್ಜಪ್ಪ, ಕೊಂಬೆಗಳ ತುಂಬ ಗಂಡಸರು. ಹೆಣ್ಣಿನ ಹೆಸರು ಒಂದೂ ಇಲ್ಲ. ಗಂಡಸರು ಗಂಡಸರಿಗೇ ಹುಟ್ಟಿದ ಪವಾಡದ ವಂಶ.

ಅವನ ಸೋದರತ್ತೆ ದಾಕ್ಷಾಯಿಣಿ ದೇವಸಮುದ್ರದ ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕೂಗಿದವಳು. ಒಂದು ಹೆಸರು ಬಿಟ್ಟುಹೋದರೂ ಆಕೆಗೆ ಅನ್ನ ಸೇರದು.

"ಅಜ್ಜಪ್ಪನ ಹೆಂಡ್ತಿ ಹೆಸರೇನಲೇ?"

"ಯಾರಿಗ್ ಗೊತ್ತತ್ತೆ? ಹುಡುಕ್ಕೊಂಡ್ ಬರ್ರಿ, ಹಾಕ್ಸಾಣ."

ಸಿಗಲಾರದೆಂಬ ಧೈರ್ಯದ ಮಾತು ಅದು. ದಾಕ್ಷಾಯಿಣಿ ಹುಡುಕಿದಳು. ಮನೆಯ ಹಳೆ ಪತ್ರಗಳಲ್ಲಿ ಮುತ್ತಜ್ಜಿ 'ಸದರಿಯವನ ಹೆಂಡತಿ', ಸಮಾಧಿ ಕಲ್ಲಿನಲ್ಲಿ 'ಧರ್ಮಪತ್ನಿ'. ಮೂರು ತಿಂಗಳು ಬಸ್ಸು ಹತ್ತಿ ಇಳಿದ ಮೇಲೆ, ಚಿತ್ರದುರ್ಗದ ಸರ್ಕಾರಿ ಕಚೇರಿಯಲ್ಲಿ, ಹಳೆ ಕಡತವೊಂದರಲ್ಲಿ ಸಿಕ್ಕಿತು: 'ಇಸವಿ 1901. ಗಾಣದ ಅಜ್ಜಪ್ಪನ ಹೆಂಡತಿ ವೀರಮ್ಮ. ಸರ್ಕಾರದ ಉಳ್ಳಾರ್ತಿ ಹುಲ್ಲುಗಾವಲಿನಲ್ಲಿ ಕದ್ದು ಹುಲ್ಲು ಕೊಯ್ದದ್ದಕ್ಕೆ ಕುಡುಗೋಲು ಜಪ್ತಿ.'

ತವರು ಬರೆದಿಡಲಿಲ್ಲ, ಗಂಡನ ಮನೆ ಬರೆದಿಡಲಿಲ್ಲ. ಕಳ್ಳಿ ಎಂದು ಹಿಡಿದ ಸರ್ಕಾರವೊಂದೇ ಅವಳ ಹೆಸರು ಕೇಳಿತ್ತು.

ಮಹಾಂತೇಶನ ಮುಖ ಹುಳ್ಳಗಾಯಿತು. "ಕಳ್ಳಿ ಹೆಸ್ರು ಗೋಡೆ ಮ್ಯಾಲಾ? ಬೀಗ್ರು ಏನಂತಾರತ್ತೆ?"

"ಆ ಹುಲ್ಲು ತಿಂದ ಎತ್ತೇ ಕಣೋ ನಿಮ್ ಗಾಣ ತಿರುಗ್ಸಿದ್ದು!"

ಅವನು ಅತ್ತೆ ತಂದಿದ್ದ ನಕಲಿನ ಮೊದಲ ಪುಟದ ಫೋಟೊ ಮಾತ್ರ ತೆಗೆದುಕೊಂಡು ಹೋದ. ಗೃಹಪ್ರವೇಶದ ದಿನ ಗೋಡೆಯ ಮೇಲೆ ಹೊಸ ಸಾಲು ಮಿನುಗುತ್ತಿತ್ತು: 'ಅಜ್ಜಪ್ಪ, ಕಾವಲಿನ ಹುಲ್ಲಿಗಾಗಿ ಬ್ರಿಟಿಷರನ್ನು ಎದುರಿಸಿದ ಧೀರ.' ವೀರಮ್ಮ ಎಲ್ಲೂ ಇಲ್ಲ. ಬಂದವರು ಕೈಮುಗಿದರು. ಮಹಾಂತೇಶ್ ಉಬ್ಬಿಹೋದ.

"ಸುಮ್ನೆ ಹೇಳ್ತಿಲ್ರಿ, ದಾಖಲೆ ಐತೆ! ಅತ್ತೆ, ಹೌದು ಅಂತ ಒಂದ್ಮಾತ್ ಹೇಳ್ರಿ."

ದಾಕ್ಷಾಯಿಣಿ ಕನ್ನಡಕ ಏರಿಸಿ ನಕಲು ಹೊರತೆಗೆದಳು. ಅವನು ತಿರುವಿಯೂ ನೋಡಿರದ ಎರಡನೇ ಪುಟವನ್ನು ಹಾಜರಿಯ ದನಿಯಲ್ಲಿ ಓದಿದಳು: 'ಗಂಡ ಅಜ್ಜಪ್ಪನ ಹೇಳಿಕೆ. ಹುಲ್ಲು ಕೊಯ್ದವಳು ವೀರಮ್ಮ, ನನ್ನ ಹೆಂಡತಿಯೇ. ನನಗೇನೂ ಗೊತ್ತಿಲ್ಲ. ಶಿಕ್ಷೆ ಏನಿದ್ದರೂ ಅವಳಿಗೇ ಆಗಲಿ.'

ಬೀಗತಿ ತಿಪ್ಪೇರುದ್ರಮ್ಮ ಎಲೆಯಡಿಕೆ ಬಾಯಿಂದಲೇ ಕೇಳಿದಳು: "ಹಂಗಾರೆ ನಿಮ್ ಧೀರ ಎದುರಿಸಿದ್ದು ಯಾರ್ನ? ಹೆಂಡ್ತಿನಾ?"

ನಗು ಅಡುಗೆಯವರ ತನಕ ಹಬ್ಬಿತು. ಹೋಳಿಗೆ ಬಡಿಸುವಷ್ಟರಲ್ಲಿ ಬಣ್ಣದವನಿಗೆ ಫೋನು ಹೋಗಿತ್ತು. ಮರುದಿನ ಧೀರನ ಸಾಲು ಅಳಿಸಿ, ವೀರಮ್ಮನ ಹೆಸರು ಬರೆದದ್ದೂ ಆಯಿತು. ಅಜ್ಜಪ್ಪನ ಪಕ್ಕ, ಸಣ್ಣಕ್ಷರದಲ್ಲಿ, ಬ್ರಾಕೆಟ್ಟಿನೊಳಗೆ.

ದಾಕ್ಷಾಯಿಣಿ ಇನ್ನೂ ದೇವಸಮುದ್ರದ ಬಸ್ಸು ಹತ್ತಿಲ್ಲ. ಆ ಬ್ರಾಕೆಟ್ಟು ಹೋಗುವ ತನಕ ಹತ್ತುವವಳೂ ಅಲ್ಲ.