ಬಂಧನದ ಪುಸ್ತಕದ ಒಂದು ಸಾಲು

ದೆವ್ವ, ಗಾಳಿ, ಸೋಂಕು ಎಂದವರನ್ನು ನಾನು ನಕ್ಕು ಕಳಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ವಾಡಿ, ಶಹಾಬಾದ ಕಡೆಯ ಒಂದು ಅದಾಲತ್ತಿನಲ್ಲಿ (ಊರ ಹೆಸರು ಬೇಡ) ಉರ್ದು ದಾಖಲೆಗಳ ನಕಲು ಬರೆದುಕೊಡುವ ಗುಮಾಸ್ತ ನಾನು.

ಒಂದು ಬೆಳಿಗ್ಗೆ ರಾವೂರಿನಿಂದ ಮಲ್ಲಮ್ಮ ಎಂಬ ಹೆಂಗಸು ಬಂದಳು. ಅವಳ ಗಂಡ ಸಾಬಣ್ಣ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಮೇಸ್ತ್ರಿಯ ಮೇಲೆ ಕೈ ಎತ್ತಿದನೆಂದು ಪೊಲೀಸರು ಹಿಡಿದೊಯ್ದು ನಾಲ್ಕು ತಿಂಗಳಾಗಿತ್ತು.

“ಅವತ್ತೇ ಬಿಟ್ಟೀವಿ, ಎಲ್ಲಿ ಓಡಿ ಹೋಗ್ಯಾನೋ ಅಂತಾರ್ರಿ. ಅವ ಓಡಿ ಹೋಗಾಂವ ಅಲ್ಲ. ದಫ್ತರದಾಗ ಏನ್ ಬರದಾರ, ಓದಿ ಹೇಳ್ರಿ ಯಪ್ಪಾ.”

ಅರ್ಜಿ ಕೊಟ್ಟವರಿಗೆ ನಕಲು ಕೊಡಬೇಕೆಂಬುದು ಕಾಯಿದೆ. ಠಾಣೆಗೆ ಹೆದರಿ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ. ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನಾನೊಬ್ಬನೇ ದಾಖಲೆಯ ಕೋಣೆಗೆ ಹೋದೆ. ಠಾಣೆಯಿಂದ ಬಂದ ಬಂಧನದ ಪುಸ್ತಕ ಸಿಕ್ಕಿತು. “ಸಾಬಣ್ಣ. ಸಾಯಂಕಾಲ ಬಿಡುಗಡೆ. ಮೈಮೇಲೆ ಗಾಯವಿಲ್ಲ.”

ಆ ಸಾಲಿನ ಮೇಲೆ ಬೆರಳಿಟ್ಟಿದ್ದೆ. ಬೆನ್ನಿಗೆ ಛಟೀರನೆ ಏಟು ಬಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಮತ್ತೊಂದು ಬಿತ್ತು, ಮತ್ತೊಂದು. ಕುಸಿದು ಬಿದ್ದೆ. ಪಕ್ಕೆಗೆ ಬೂಟಿನ ಒದೆ. ಬಾಯಲ್ಲಿ ರಕ್ತ ತುಂಬಿ ಕೂಗಲೂ ಆಗಲಿಲ್ಲ. ಕೊನೆಯ ಏಟು ತಲೆಯ ಹಿಂಬದಿಗೆ. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಚಪರಾಸಿ ಖಾಜಾಸಾಬ ನನ್ನನ್ನು ಹೊರಗೆ ತಂದು ಅಂಗಿ ಕಳಚುತ್ತಿದ್ದ. ಬೆನ್ನ ತುಂಬ ಬಾಸುಂಡೆ.

“ಯಾ ಅಲ್ಲಾ, ಯಾರ್ ಹೊಡದಾರ್ರಿ? ಬಾಗಲದಾಗ ನಾನೇ ಕುಂತಿದ್ದೆ. ಒಳಗ ಒಬ್ಬರೂ ಹೋಗಿಲ್ಲ!”

ಮಲ್ಲಮ್ಮ ಎದ್ದು ಬಂದು ನನ್ನ ಬೆನ್ನನ್ನೇ ನೋಡಿದಳು. ಏನು ಹೇಳಲಿ? ಓದಿದ್ದನ್ನೋ, ಮೈಗೆ ಆದದ್ದನ್ನೋ?

“ಬಿಟ್ಟೀವಿ ಅಂತ ಬರದಾರ, ತಂಗಿ. ಖರೇ ಅಲ್ಲ ಅದು. ಅವ ಜೀವಂತ ಹೊರಗ ಬಂದಿಲ್ಲ.”

ಅವಳು ಅಳಲಿಲ್ಲ. ಮೆಟ್ಟಿಲ ಕಲ್ಲಿಗೆ ಎರಡೂ ಕೈ ಬಡಿದು ಬಳೆ ಒಡೆದುಕೊಂಡಳು. ರಕ್ತ ಸುರಿಯುವ ಕೈಗಳಲ್ಲೇ ಠಾಣೆಗೆ ನಡೆದಳು. “ಹೆಣಾನರ ಕೊಡ್ರಿ” ಎಂದು ಅಲ್ಲಿ ಚೀರಿದಳಂತೆ. ಕೂದಲು ಹಿಡಿದು ಬೀದಿಗೆ ಎಳೆದು ಹಾಕಿದರಂತೆ. ಹೆಣ ಸಿಗಲಿಲ್ಲ.

ಬಾಸುಂಡೆಗಳು ಹದಿನೈದು ದಿನಕ್ಕೆ ಮಾಸಿದವು. ಆದರೆ ಒಂದು ಹೆಣ್ಣಿನ ಬಳೆ ನನ್ನ ಮಾತಿಗೆ ಒಡೆದಿದ್ದವು. ಸಾಬಣ್ಣ ಎಲ್ಲಾದರೂ ಬದುಕಿದ್ದರೆ? ಎಷ್ಟೋ ವರ್ಷ, ಯಾರಾದರೂ ಬಾಗಿಲು ತಟ್ಟಿದರೆ ಅವನೇ ಇರಬೇಕೆಂದು ಬೆಚ್ಚುತ್ತಿದ್ದೆ. ಅವನು ಬರಲಿಲ್ಲ. ಆ ದಿನ ನನ್ನನ್ನು ಹೊಡೆದವರು ಯಾರೆಂದು ಇಂದಿಗೂ ಹೇಳಲಾರೆ.