ಗೆರೆಯಣ್ಣನ ಬೆಂಕಿ ಗೆರೆ

ನನ್ನ ತಂಗಿಯ ಗಂಡನಿಗೆ ಹೆತ್ತವರು ಇಟ್ಟ ಹೆಸರು ನಮ್ಮ ಕಡೆ ಯಾರಿಗೂ ಬೇಕಾಗಲಿಲ್ಲ. ಎಲ್ಲರಿಗೂ ಅವನು ಗೆರೆಯಣ್ಣ. ಟ್ರ್ಯಾಕ್ಟರಿನಲ್ಲಿ ಅವನು ಎಳೆದ ಗೆರೆ ದಾರ ಹಿಡಿದಂತೆ ನೇರವಾಗಿರುತ್ತಿತ್ತು. ಮುಳ್ಳುಪೊದೆ ಬೆಳೆದು ಕಾಲಿಡಲಾಗದ ಜಾಗವನ್ನು ಒಪ್ಪಿಸಿದರೆ ಪೊದೆ ಸವರಿ, ಬೊಡ್ಡೆಗಳಿಗೆ ಸರಪಳಿ ಕಟ್ಟಿ ಎಳೆದುಹಾಕಿ, ಗುಂಡಿ ಮುಚ್ಚಿ ದಾರಿ ಮಾಡಿಕೊಡುತ್ತಿದ್ದ. ಬೇಸಿಗೆ ಹತ್ತಿರವಾದರಂತೂ ಊಟಕ್ಕೂ ಪುರುಸೊತ್ತಿಲ್ಲ. ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿದ್ದರೆ ಮನೆಗಳವರೆಗೆ ಬರಬಾರದಲ್ಲ, ಅದಕ್ಕೆ ಒಂದು ಕಡ್ಡಿಯೂ ಉಳಿಯದಂತೆ ಅಗಲವಾಗಿ ಉತ್ತು ಬರೀ ಮಣ್ಣಿನ ಪಟ್ಟಿ ಮಾಡಬೇಕು. ಅದೇ ಬೆಂಕಿ ಗೆರೆ.

ಅವನ ಗೆರೆ ನೇರವಾಗಲು ಕಾರಣ ನನ್ನ ತಂಗಿ. ಗೆರೆ ಮುಗಿಯಬೇಕಾದ ಕಡೆ ಅವಳು ಬಿಳಿ ಬಟ್ಟೆ ಹಿಡಿದು ನಿಲ್ಲುತ್ತಾಳೆ. ಅವನು ನೆಲ ನೋಡುವುದಿಲ್ಲ, ಅಕ್ಕಪಕ್ಕ ನೋಡುವುದಿಲ್ಲ. ಅವಳ ಮೇಲೆ ಕಣ್ಣಿಟ್ಟು ಸೀದಾ ಓಡಿಸುತ್ತಾನೆ.

"ಮದುವೆಯಾಗಿ ಇಷ್ಟು ವರ್ಷ ಆದ್ಮೇಲೂ ಹೆಂಡತೀನ ಹೀಗೆ ರೆಪ್ಪೆ ಬಡಿಯದೆ ನೋಡೋನು ನೀನೊಬ್ಬನೇ ಕಣಪ್ಪಾ" ಎಂದು ನಾನು ರೇಗಿಸುತ್ತಿದ್ದೆ.

"ನೋಡ್ದೇ ಇದ್ರೆ ಹಳ್ಳಕ್ಕೆ ಬೀಳ್ತೀನಲ್ಲಕ್ಕಾ" ಅನ್ನುತ್ತಿದ್ದ.

ಆ ವರ್ಷ ಎಲ್ಲರ ಗೆರೆಯೂ ಆಯಿತು, ನಮ್ಮ ಸಾಲಿನದು ಮಾತ್ರ ಉಳಿಯಿತು. ರಸ್ತೆಗೂ ಹಳ್ಳಕ್ಕೂ ನಡುವೆ ನಮ್ಮವು ನಾಲ್ಕಾರು ಮನೆ. ಗುಡ್ಡದ ಕಡೆಯ ಕೊನೆಯದು ಅವನದು, ಅದರ ಪಕ್ಕದ್ದು ನನ್ನದು. ಅವನದು, ಕಲ್ಲುನೆಲವನ್ನು ತಾನೇ ಹಸನು ಮಾಡಿ, ಅಲ್ಲೇ ಕಿತ್ತ ಕಲ್ಲಿನಲ್ಲಿ ಗೋಡೆ ಎಬ್ಬಿಸಿ, ಊರಿನ ಕೆಲಸ ಮುಗಿಸಿ ಬಂದು ಸಂಜೆ ಸಂಜೆ ಕಟ್ಟಿದ ಮನೆ. ಒಳಗೋಡೆಗಳು ಸುಣ್ಣ ಕಂಡದ್ದೇ ಮೊನ್ನೆ ಮೊನ್ನೆ.

"ನಮ್ಮದು ಯಾವಾಗಪ್ಪಾ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ನಮ್ದೇ ತಾನೆ, ಎಲ್ಲಿ ಓಡಿಹೋಗುತ್ತೆ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಕರೆದವರಿಗೆಲ್ಲ ಹೂಂ ಅನ್ನುವವನಿಗೆ ತನ್ನ ಮನೆ ಕಣ್ಣಿಗೆ ಬೀಳುವುದೇ ಇಲ್ಲ.

ಬೆಂಕಿ ಮಧ್ಯಾಹ್ನ ಬಂತು. ಗುಡ್ಡದ ಹಿಂದೆ ಹೊಗೆ ಎದ್ದದ್ದು ಕಂಡು, ಎಲ್ಲೋ ದೂರ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಗಾಳಿ ನಮ್ಮ ಕಡೆ ತಿರುಗಿತು. ನನ್ನ ಅತ್ತೆ ಹಾಸಿಗೆ ಹಿಡಿದವರು, ಭಾರದ ಹೆಂಗಸು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾರೆ. ಗೆರೆಯಣ್ಣ ಎಲ್ಲಿದ್ದನೋ, ಟ್ರ್ಯಾಕ್ಟರ್ ಹಾರಿಸಿಕೊಂಡು ಬಂದ.

"ನಮ್ಮ ಮನೆ ಹಿಂದೆ, ಬಂಡೆ ಹತ್ರ ನಿಂತ್ಕೋ. ಅದರೀಚೆಗೆ ಎಳೆದ್ರೆ ಎಲ್ಲ ಮನೇನೂ ಒಳಗೆ ಬರುತ್ತೆ" ಎಂದು ಹೆಂಡತಿಗೆ ಕೂಗಿ ರಸ್ತೆಯ ಕಡೆಗೆ ಹೋದ.

ತಂಗಿ ನಮ್ಮ ಹಗ್ಗದ ಮೇಲಿದ್ದ ಬಿಳಿ ಹೊದಿಕೆ ಎಳೆದುಕೊಂಡು ಓಡಿದಳು. ಬಂಡೆಯವರೆಗೆ ಹೋದದ್ದನ್ನು ನಾನು ಹಿತ್ತಲಿನಿಂದ ಕಂಡೆ. ಅಲ್ಲಿ ಒಂದು ಗಳಿಗೆ ನಿಂತು ಗುಡ್ಡ ನೋಡಿದಳು. ಉರಿ ಆಗಲೇ ಇಳಿಜಾರಿಗೆ ಬಿದ್ದಿತ್ತು. ಅವಳು ತಿರುಗಿ ಓಡಿಬಂದು, ತನ್ನ ಮನೆಗೂ ನನ್ನ ಮನೆಗೂ ನಡುವೆ, ಹಳ್ಳದ ದಂಡೆಯಲ್ಲಿ ಹೊದಿಕೆ ಎತ್ತಿ ಹಿಡಿದಳು.

"ಏನೇ ಇದು? ನಿನ್ನ ಮನೆ ಆಚೆಗೆ ಬಿತ್ತಲ್ಲೇ" ಅಂದೆ. ಅವಳು ಹೊದಿಕೆಯನ್ನು ಇನ್ನೂ ಎತ್ತರಕ್ಕೆ ಎತ್ತಿದಳು.

ಅವನು ಎಂದಿನಂತೆ ಬಿಳಿ ಬಟ್ಟೆ ಹುಡುಕಿ, ಅದಕ್ಕೆ ಸರಿಯಾಗಿ ಟ್ರ್ಯಾಕ್ಟರ್ ತಿರುಗಿಸಿ ನೇಗಿಲು ಇಳಿಸಿದ. ಹೊಗೆಯಲ್ಲಿ ಬೇರೇನೂ ಕಾಣುವಂತಿರಲಿಲ್ಲ. ಅರ್ಧ ದಾರಿ ಬಂದಾಗ ಅವನ ಅಡುಗೆಮನೆಯ ಗೋಡೆ ಪಕ್ಕದಲ್ಲೇ ಕಂಡಿತು, ಬೆಂಕಿಯ ಕಡೆಗೆ. ಬ್ರೇಕು ಹಾಕಿದ. ಅವನು ಮನೆ ನೋಡಿದ, ಅವಳನ್ನು ನೋಡಿದ. ಅವಳು ಇದ್ದಲ್ಲಿಂದ ಕದಲದೆ ಹೊದಿಕೆ ಬೀಸುತ್ತಲೇ ಇದ್ದಳು. ಅವನು ಗೇರು ಹಾಕಿ ಮುಂದೆ ಬಂದ.

ಆಮೇಲೆ ಹೋಗಿಬಂದು ಪಟ್ಟಿ ಅಗಲ ಮಾಡಿದ. ತಂಗಿಯ ಮನೆಯೊಳಗಿಂದ ಒಂದು ಚೊಂಬನ್ನೂ ಹೊರಗೆ ತರಲಾಗಲಿಲ್ಲ. ಅವರ ಮಾಡು ಕುಸಿದ ಸದ್ದು ಕೇಳಿತು. ಉರಿ ಉತ್ತ ಮಣ್ಣಿನ ಅಂಚಿಗೆ ಬಂದು ನಿಂತಿತು. ನಮ್ಮ ಮನೆ ಉಳಿಯಿತೆಂದು ನನಗೆ ಸಂತೋಷವಾಯಿತು, ಆ ಸಂತೋಷಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಗಂಡಹೆಂಡಿರಿಬ್ಬರೂ ನಮ್ಮ ನಡುಮನೆಗೆ ಬಂದರು. ಗೆರೆಯಣ್ಣ ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಕೈ ಮುಗಿಯಲು ಬಂದ ನೆರೆಹೊರೆಯವರ ಜೊತೆಗೂ ಮಾತಿಲ್ಲ. ಟ್ರ್ಯಾಕ್ಟರಿನ ಹತ್ತಿರ ಸುಳಿಯಲಿಲ್ಲ. ರಾತ್ರಿ ಅವನು ಆ ಗೋಡೆಗೆ, ಇವಳು ಈ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಎಷ್ಟು ದಿನ ಸಹಿಸಲಿ? ಒಂದು ದಿನ ಊಟಕ್ಕೆ ಬಡಿಸುತ್ತಾ ನಾನೇ ಬಾಯಿ ಮಾಡಿದೆ.

"ಬೈಯೋದಿದ್ರೆ ಬೈದುಬಿಡಪ್ಪಾ. ಹೀಗೆ ಮುಖ ಊದಿಸ್ಕೊಂಡು ಕೂತ್ರೆ ಅವಳು ಕೊರಗೇ ಸಾಯ್ತಾಳೆ."

ಅವನು ತಟ್ಟೆ ನೋಡುತ್ತಲೇ ಹೆಂಡತಿಯನ್ನು ಕೇಳಿದ. "ಬಂಡೆ ಹತ್ರ ನಿಂತ್ಕೋ ಅಂದಿದ್ನಲ್ಲ. ಯಾಕೆ ನಿಲ್ಲಲಿಲ್ಲ?"

"ಉರಿ ಹತ್ರ ಬಂದಿತ್ತು."

"ಒಂದೇ ಒಂದು ಸಾಲು ಎಳೀತಿದ್ದೆ ಕಣೇ. ಹೇಗೋ ಎಳೀತಿದ್ದೆ."

"ಗೊತ್ತು" ಅಂದಳು ತಂಗಿ. "ನಾನು ಅಲ್ಲಿ ನಿಂತಿದ್ರೆ ನೀವು ಅಲ್ಲಿಗೇ ಬರ್ತಿದ್ರಿ. ಉರಿ ಬಂದ್ರೂ ನಿಲ್ಲಿಸ್ತಿರಲಿಲ್ಲ."

ಅವನ ಕೈಯ ತುತ್ತು ತಟ್ಟೆಗೆ ಬಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ, ನೋಡುತ್ತಲೇ ಅತ್ತುಬಿಟ್ಟ.