ದಡಕ್ಕೆ ಬಾರದ ಸೇವಂತಿಗೆ

ಅತ್ತೆ ನೀರಿಗೆ ಬಿಟ್ಟ ಸೇವಂತಿಗೆ ದಡಕ್ಕೆ ವಾಪಸ್ ಬರಲೇ ಇಲ್ಲ. ಅಕ್ಕಪಕ್ಕದಲ್ಲೆಲ್ಲ ಅಲೆಗಳು ನೊರೆಯೊಂದಿಗೆ ದಡಕ್ಕೆ ಬಂದು ಬೀಳುತ್ತಿದ್ದರೂ, ಆ ಹೂವು ಮಾತ್ರ ಯಾರೋ ದಾರ ಕಟ್ಟಿ ಎಳೆದಂತೆ ನೇರ ಸಮುದ್ರದೊಳಕ್ಕೆ ಓಡುತ್ತಿತ್ತು. ಅದೇ ನೀರಿನಲ್ಲಿ ನನ್ನ ಆರು ವರ್ಷದ ಮಗಳು ಮಂಡಿಯವರೆಗೆ ಇಳಿದು ಕುಣಿಯುತ್ತಿದ್ದಳು.

ಹೊನ್ನಾವರದ ಕಡೆಯ ಆ ತೀರದಲ್ಲಿ ಅಲೆಯೇ ಇಲ್ಲದ ಜಾಗವನ್ನು ನಾನೂ ನನ್ನ ಗಂಡನೂ ಹುಡುಕಿ ಆರಿಸಿದ್ದೆವು. ಸೊರಬದ ಹತ್ತಿರದ ನಮ್ಮೂರ ಕೆರೆಯಲ್ಲಿ ಮಕ್ಕಳನ್ನು ಇಳಿಸುವುದು ನೀರು ಅಲುಗದ ಕಡೆಯೇ. ಸಮುದ್ರವೂ ಹಾಗೇ ಅಂದುಕೊಂಡಿದ್ದೆವು. ಗಂಗಮ್ಮನಿಗೆ ಅರಿಶಿನ, ಕುಂಕುಮ, ಹೂವು ಕೊಡದೆ ಯಾರೂ ಇಳಿಯಬಾರದೆಂದು ಅತ್ತೆ ಹಟ ಹಿಡಿದಾಗ ನನಗೆ ಸಿಟ್ಟೇ ಬಂದಿತ್ತು. ಅವರು ಪೂಜೆ ಮುಗಿಸುವಷ್ಟರಲ್ಲಿ ಮಗಳು ನೀರಿನಲ್ಲಿದ್ದಳು.

“ಕೂಸನ್ನ ಮೇಲಕ್ಕೆ ಎಳ್ಕಳೇ! ಇದು ಹೊಳೆ ಹರಿದಂಗೆ ಒಳಗೆ ಹರೀತಾ ಐತೆ!” ಎಂದು ಅತ್ತೆ ಕೂಗಿದರು.

ಸೀರೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ಓಡಿದೆ. ಮಗಳ ರಟ್ಟೆ ಹಿಡಿಯುವಾಗ ನನ್ನ ಪಾದದಡಿಯ ಮರಳು ಸರಸರನೆ ಜಾರುತ್ತಿತ್ತು. ಮೇಲ್ನೋಟಕ್ಕೆ ನೀರು ಕನ್ನಡಿಯಂತೆ ನಿಶ್ಚಲವಾಗಿತ್ತು; ಅಕ್ಕಪಕ್ಕದ ಅಲೆಗಳು ದಡಕ್ಕೆ ತಂದ ನೀರೆಲ್ಲ ಅಲೆಯಿಲ್ಲದ ಈ ಜಾಗದಿಂದಲೇ ಸಮುದ್ರಕ್ಕೆ ವಾಪಸ್ ಹರಿಯುತ್ತಿತ್ತು.

“ಅಮ್ಮಾ, ಕಾಲನ್ನ ಯಾರೋ ಎಳೀತಿದಾರೆ!” ಎಂದು ಮಗಳು ಕಿಲಕಿಲ ನಗುತ್ತಿದ್ದಳು. ಅವಳನ್ನು ಎತ್ತಿಕೊಂಡು ದಡಕ್ಕೆ ಬಂದೆ.

ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಈಗ ನಮ್ಮೂರ ಕೆರೆಯಲ್ಲೂ ಮೊದಲು ಒಂದು ಹೂವು ಬಿಟ್ಟು, ಅದು ಎತ್ತ ಹೋಗುತ್ತದೆಂದು ನೋಡದೆ ನಾನು ಮಗಳ ಕೈ ಬಿಡುವುದಿಲ್ಲ.